ಬೀಗ ಹಾಕಿದ ಮನೆಗೂ ಮತ್ತೆ ಹೋಗಿ: ವಾರ್ಡಿನ ಸಮೀಕ್ಷೆ ಮಾಡುವುದು ಹೇಗೆ?

ನಿಮ್ಮ ವಾರ್ಡಿಗೆ ನಲ್ಲಿ ನೀರು ಸರಿಯಾಗಿ ಬರುತ್ತಿದೆಯಾ? ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪೋಲ್ ಹಾಕಿದರೆ ಸಂಜೆಯೊಳಗೆ ಉತ್ತರ ಬಂದುಬಿಡುತ್ತದೆ. ಆದರೆ ಯಾರ ಉತ್ತರ? ನೀರಿಲ್ಲದೆ ಸಿಟ್ಟಾದವರು ತಕ್ಷಣ ಒತ್ತುತ್ತಾರೆ, ನೀರು ಬರುವವರು ನೋಡಿ ಸುಮ್ನೆ ಮುಂದೆ ಹೋಗುತ್ತಾರೆ, ಗುಂಪಿನಲ್ಲೇ ಇಲ್ಲದ ಬಾಡಿಗೆಯವರಿಗೆ ವಿಷಯವೇ ಗೊತ್ತಾಗುವುದಿಲ್ಲ.

ಹಾಗಾಗಿ ಮೊದಲು ಪಟ್ಟಿ ಮಾಡಿ. ವಾರ್ಡಿನಲ್ಲಿ 1,200 ಮನೆ, 100 ಮನೆಯಲ್ಲಿ ಕೇಳುತ್ತೀರಿ ಎಂದಿಟ್ಟುಕೊಳ್ಳೋಣ. ತೆರಿಗೆ ಪಟ್ಟಿ ನೆಚ್ಚಿಕೊಂಡರೆ ನಾಲ್ಕು ಸಂಸಾರ ಇರುವ ವಠಾರ ಒಂದೇ ಮನೆ ಆಗಿಬಿಡಬಹುದು. ಮತದಾರರ ಪಟ್ಟಿಯಲ್ಲಿ ಹೊಸದಾಗಿ ಬಂದವರು ಇರಲಿಕ್ಕಿಲ್ಲ. ಬೀದಿ ಸುತ್ತಿ ಎಣಿಸುವುದೇ ಒಳ್ಳೆಯದು, ಒಂದು ಭಾನುವಾರ ಹೋಗುತ್ತದೆ ಅಷ್ಟೆ.

ಆಮೇಲೆ ಆರಿಸುವುದು. 1,200ನ್ನು 100ರಿಂದ ಭಾಗಿಸಿದರೆ 12. ಒಂದರಿಂದ 12ರವರೆಗೆ ಚೀಟಿ ಬರೆದು ಒಂದನ್ನು ಎತ್ತಿ. 7 ಬಂತಾ? ಹಾಗಾದರೆ 7, 19, 31, ಹೀಗೆ ಹೋಗಿ. ಇಲ್ಲೊಂದು ಮೋಸ ಇದೆ: ಲೇಔಟಿನಲ್ಲಿ ಸಾಲಿಗೆ ಸರಿಯಾಗಿ 12 ಮನೆ ಇದ್ದು ನಿಮಗೆ 1ರ ಚೀಟಿ ಬಂದರೆ ಬರೀ ಮೂಲೆ ಮನೆಗಳೇ ಸಿಗುತ್ತವೆ. ಆಗ ಎಲ್ಲ 1,200 ಚೀಟಿ ಬರೆದು ಲಾಟರಿ ಎತ್ತಬೇಕು.

ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಪಾತ್ರೆಯ ಎಲ್ಲ ಕಡೆ ಒಂದೇ ಸಮ ಬೆಂದಿದ್ದರೆ ಮಾತ್ರ ಅದು ಸರಿ. ಓವರ್‌ಹೆಡ್ ಟ್ಯಾಂಕಿನ ಪಕ್ಕದ 300 ಮನೆಗೂ ಪೈಪಿನ ತುದಿಯ 900 ಮನೆಗೂ ನೀರು ಒಂದೇ ಥರ ಬರುತ್ತದಾ? ಎರಡನ್ನೂ ಬೇರೆ ಮಾಡಿ, ಅಲ್ಲಿಂದ 25, ಇಲ್ಲಿಂದ 75 ಆರಿಸಿ.

ನಿಜವಾದ ಕಷ್ಟ ಬಾಗಿಲು ತಟ್ಟಿದ ಮೇಲೆ. ಬೆಳಗ್ಗೆ 11ಕ್ಕೆ ಹೋದರೆ ಬೀಗ. ಪಕ್ಕದ ಮನೆಯವರು ಜಗಲಿ ಮೇಲೆ ಕೂತಿದ್ದಾರೆ, ಅವರನ್ನೇ ಕೇಳಿಬಿಡೋಣ ಅನಿಸುತ್ತದೆ. ಬೇಡ. ಬೀಗ ಹಾಕಿದವರು ಇಬ್ಬರೂ ದುಡಿಯಲು ಹೋದವರು, ನೀರು ಬಿಟ್ಟಾಗ ಹಿಡಿಯಲು ಮನೆಯಲ್ಲಿ ಯಾರೂ ಇಲ್ಲದವರು ಇರಬಹುದು. ಅವರನ್ನು ಬಿಟ್ಟರೆ ನೀರಿನ ಕಷ್ಟವನ್ನೇ ಬಿಟ್ಟ ಹಾಗೆ. ಸಂಜೆ ಒಮ್ಮೆ, ಭಾನುವಾರ ಒಮ್ಮೆ ಮತ್ತೆ ಹೋಗಿ.

ಜಾಸ್ತಿ ಜನರನ್ನು ಕೇಳಿದರೆ ಇದೆಲ್ಲ ಸರಿಹೋಗುವುದಿಲ್ಲವಾ? ಇಲ್ಲ. 1936ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು ಪತ್ರಿಕೆ. ಆದರೆ ಎದುರಾಳಿ, ಆಗಿನ ಅಧ್ಯಕ್ಷ ರೂಸ್ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು! ವಿಳಾಸಗಳಲ್ಲಿ ಬಹಳಷ್ಟು ಟೆಲಿಫೋನ್ ಪಟ್ಟಿ, ಕಾರು ಇರುವವರ ಪಟ್ಟಿಯಿಂದ, ಅಂದರೆ ಹೆಚ್ಚಾಗಿ ಉಳ್ಳವರ ಪಟ್ಟಿಯಿಂದ ಬಂದಿದ್ದವು, ಅದೂ ಆರ್ಥಿಕ ಕುಸಿತದ ಕಾಲದಲ್ಲಿ. ಅದಕ್ಕಿಂತ ಹೆಚ್ಚಾಗಿ, ಮುಕ್ಕಾಲು ಭಾಗ ಜನ ಉತ್ತರವನ್ನೇ ಬರೆಯಲಿಲ್ಲ.

ಕೇಳುವವರ ಕೈಯನ್ನೂ ಸ್ವಲ್ಪ ಅನುಮಾನಿಸಿ. ಗದ್ದೆಯಲ್ಲಿ ಸಣ್ಣ ತುಂಡು ಗುರುತಿಸಿ ಕೊಯ್ದು ಇಳುವರಿ ಲೆಕ್ಕ ಹಾಕುವಾಗ, ಕೊಯ್ಯುವವರು ಅಂಚಿನ ಗಿಡಗಳನ್ನೂ ಒಳಗೆ ಸೇರಿಸಿಕೊಳ್ಳುವುದರಿಂದ ಇಳುವರಿ ಜಾಸ್ತಿ ಕಾಣುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಗಮನಿಸಿದ್ದರು. ನಮ್ಮಲ್ಲಿ ಅಂಚಿನ ಗಿಡ ಎಂದರೆ, ಆರಿಸದಿದ್ದರೂ ಸುಲಭವೆಂದು ಕೇಳಿಬಿಡುವ, ನಾಯಿ ಇಲ್ಲದ, ಮೆಟ್ಟಿಲು ಹತ್ತಬೇಕಿಲ್ಲದ ಮನೆ.

ಪ್ರಶ್ನೆ ಸರಳ ಇರಲಿ. ‘ನೀರಿನ ತೊಂದರೆ ಇದೆ ಅಲ್ವಾ?’ ಎಂದರೆ ಯಾರು ಇಲ್ಲ ಅಂತಾರೆ? ‘ಕಳೆದ 7 ದಿನದಲ್ಲಿ ಎಷ್ಟು ದಿನ ಬಂತು?’ ಎಂದು ಕೇಳಿ.

ಕೊನೆಗೆ, ಸಿಗದ ಮನೆಗಳ ಲೆಕ್ಕವನ್ನೂ ಬರೆಯಿರಿ. 100ರಲ್ಲಿ 22 ಮನೆ ಸಿಗಲೇ ಇಲ್ಲ, ಸಿಕ್ಕ 78ರಲ್ಲಿ 39 ಮನೆಗೆ ನೀರು ಸಾಲದು ಎನ್ನಿ. ‘ಅರ್ಧ ಜನಕ್ಕೆ ನೀರಿಲ್ಲ’ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಆ 22 ಮನೆಯಲ್ಲೂ ನೀರು ಸಾಲದಿದ್ದರೆ 61, ಎಲ್ಲರಿಗೂ ಸಾಕಷ್ಟು ಬರುತ್ತಿದ್ದರೆ 39. ಎರಡೂ ಸಂಖ್ಯೆ ಹಾಕಿ, ಆಮೇಲೆ ಅರ್ಜಿ ಕೊಡಿ.