ರೋಡ್ಸ್‌ನ ಕಂಚಿನ ದೈತ್ಯ: ಆಳೆತ್ತರದ ಮಾದರಿ ಕಟ್ಟುವ ಬಗೆ

ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಹಿಂದೆ ನಿಂತಿದ್ದ ಈ ಪ್ರತಿಮೆಯನ್ನು ಶಾಲೆಯ ವಸ್ತುಪ್ರದರ್ಶನಗಳಲ್ಲಿ ಥರ್ಮಾಕೋಲಿನಲ್ಲಿ ಕೊರೆದು, ಕಾಲು ಅಗಲಿಸಿ, ನಡುವೆ ಕಾಗದದ ದೋಣಿ ಬಿಡುವುದು ರೂಢಿಯಾಗಿಬಿಟ್ಟಿದೆ. ಬಂದರಿನ ಎರಡು ದಡಕ್ಕೂ ಕಾಲಿಟ್ಟು ನಿಂತ ಚಿತ್ರ ಮಧ್ಯಯುಗದವರ ಕಲ್ಪನೆ. ಹಾಗೆ ನಿಂತಿದ್ದರೆ ಮುರಿದಾಗ ಸಮುದ್ರಕ್ಕೆ ಬೀಳಬೇಕಿತ್ತು. ಪ್ರಾಚೀನ ಲೇಖಕರಾದ ಸ್ಟ್ರಾಬೊ, ಪ್ಲಿನಿ ಇಬ್ಬರೂ ಬರೆದಿರುವುದು ನೆಲದ ಮೇಲೆ ಬಿದ್ದಿದ್ದ ಪ್ರತಿಮೆಯ ವಿಷಯ. ಥರ್ಮಾಕೋಲಿನ ಇನ್ನೊಂದು ದೋಷವೆಂದರೆ ಒಳಗೇನಿತ್ತು ಅನ್ನುವುದು ಕಾಣುವುದೇ ಇಲ್ಲ. ಈ ಪ್ರತಿಮೆಯಲ್ಲಿ ನೋಡಬೇಕಾದದ್ದು ಇರುವುದೇ ಒಳಗೆ: ಕಬ್ಬಿಣದ ಕಟ್ಟು, ಭಾರಕ್ಕೆ ತುಂಬಿದ ಕಲ್ಲು, ಅದರ ಮೇಲೆ ಕಂಚಿನ ತೊಗಲು.

ಫಲಕಕ್ಕೆ ಇಷ್ಟು ಸಾಕು: ಕ್ರಿ.ಪೂ. 305-304ರಲ್ಲಿ ಗ್ರೀಕ್ ದೊರೆ ದೆಮೆತ್ರಿಯಸ್ ರೋಡ್ಸ್ ನಗರಕ್ಕೆ ಹಾಕಿದ ಮುತ್ತಿಗೆ ವಿಫಲವಾಯಿತು. ಅವನು ಬಿಟ್ಟುಹೋದ ಯುದ್ಧಯಂತ್ರಗಳನ್ನು ರೋಡ್ಸ್‌ನವರು 300 ಟ್ಯಾಲೆಂಟಿಗೆ (ಟ್ಯಾಲೆಂಟ್ ಗ್ರೀಕರ ತೂಕದ ಅಳತೆ, ಅಷ್ಟು ತೂಕದ ಬೆಳ್ಳಿಯ ಹಣಕ್ಕೂ ಅದೇ ಹೆಸರು) ಮಾರಿ ಸೂರ್ಯದೇವ ಹೀಲಿಯೋಸ್‌ನ ಪ್ರತಿಮೆ ಮಾಡಿಸಿದರು. ಶಿಲ್ಪಿ ಲಿಂಡೋಸ್ ಊರಿನ ಖಾರೆಸ್. ಕೆಲಸ 12 ವರ್ಷ ಹಿಡಿದು ಸುಮಾರು ಕ್ರಿ.ಪೂ. 280ಕ್ಕೆ ಮುಗಿಯಿತು. ಎತ್ತರ 70 ಮೊಳ, ಅಂದರೆ ಸುಮಾರು 32 ಮೀಟರ್.

ಅಳತೆ 1:20 ಇಟ್ಟುಕೊಳ್ಳಿ. ಆಗ ಮಾದರಿ 1.6 ಮೀಟರ್, ಐದಡಿ ಮೂರಿಂಚು ಬರುತ್ತದೆ. ಅಷ್ಟೇ ಎತ್ತರದ ಒಬ್ಬರನ್ನು ನಿಲ್ಲಿಸಿ ಟೇಪು ಹಿಡಿದರೆ ಮೊಣಕಾಲು, ಸೊಂಟ, ಭುಜದ ಲೆಕ್ಕವೆಲ್ಲ ಸಿಕ್ಕಿಬಿಡುತ್ತದೆ. ಮೂಲ ಪ್ರತಿಮೆಯ ಹೆಬ್ಬೆರಳನ್ನು ತಬ್ಬಲು ಕೆಲವರಿಂದಷ್ಟೇ ಸಾಧ್ಯ ಎಂದು ಪ್ಲಿನಿ ಬರೆದಿದ್ದಾನೆ. ನಿಮ್ಮ ಮಾದರಿಯಲ್ಲಿ ಅದು ನಿಮ್ಮ ಹೆಬ್ಬೆರಳಿನಷ್ಟೇ ಆಗುತ್ತದೆ. ತಲೆಯೊಂದನ್ನು ಮಾತ್ರ ಮನುಷ್ಯರಿಗಿಂತ ತುಸು ಚಿಕ್ಕದಾಗಿ, 20 ಸೆಂ.ಮೀ.ಗೆ ಇಳಿಸಿ. ಖಾರೆಸ್‌ನ ಗುರು ಲಿಸಿಪ್ಪಸ್ ತಲೆ ಚಿಕ್ಕದು, ಮೈ ಸಪೂರ ಮಾಡುತ್ತಿದ್ದ. ತಲೆಯ ಎಂಟರಷ್ಟು ಎತ್ತರ ಅವನ ಪದ್ಧತಿ. ಮುಖಕ್ಕೆ ರೋಡ್ಸ್‌ನ ನಾಣ್ಯ ನೋಡಿಕೊಳ್ಳಿ: ತುಂಬು ಮುಖ, ಅಲೆಯಲೆ ಕೂದಲು, ಕೆಲವದರಲ್ಲಿ ತಲೆಯ ಸುತ್ತ ಕಿರಣ. ಕೈಗೆ ದೀವಟಿಗೆ ಕೊಡುವವರು ನ್ಯೂಯಾರ್ಕಿನ ಪ್ರತಿಮೆಯನ್ನು ಇಲ್ಲಿಗೆ ತರುತ್ತಿದ್ದಾರೆ ಅಷ್ಟೆ. ಕೈ ಕೆಳಗಿಳಿಸಿ ಮೈಗೆ ಹತ್ತಿರವಿಟ್ಟರೆ ಕಟ್ಟಲೂ ಸುಲಭ.

ಪೀಠಕ್ಕೆ 19 ಮಿ.ಮೀ. ಪ್ಲೈವುಡ್‌ನ ಪೆಟ್ಟಿಗೆ: ಎರಡಡಿ ಉದ್ದ, ಎರಡಡಿ ಅಗಲ, ಒಂದಡಿ ಎತ್ತರ. ಒಳತಳಕ್ಕೆ ಒಂದಿಂಚು ದಪ್ಪದ ಕಡಪ ಕಲ್ಲು ಹಾಕಿ. ಅದೊಂದೇ ಹತ್ತಿರ ಹತ್ತಿರ 25 ಕೆ.ಜಿ. ತೂಗುತ್ತದೆ, ಮಕ್ಕಳು ಒರಗಿದರೂ ಮಾದರಿ ಮಗುಚಬಾರದು. ಮೂಲದ ಪೀಠ ಬಿಳಿ ಅಮೃತಶಿಲೆಯದು, ಹಾಗಾಗಿ ಹೊರಗೆ ಬಿಳಿ ಬಣ್ಣ.

ಕಾಲಿಗೊಂದರಂತೆ 10 ಮಿ.ಮೀ. ಸರಳು ಎರಡು, ತಲಾ 1.8 ಮೀಟರ್. ತುದಿಯ 15 ಸೆಂ.ಮೀ. ಬಗ್ಗಿಸಿ ಪೆಟ್ಟಿಗೆಯ ತಳಕ್ಕೆ ಕ್ಲಾಂಪ್ ಹೊಡೆಯಿರಿ. ಸರಳು ಮೇಲಿನ ಹಲಗೆ ತೂರಿಕೊಂಡು ಭುಜದ ತನಕ ಒಂದೇ ತುಂಡಾಗಿ ಹೋಗಬೇಕು. ಮೊಣಕಾಲಲ್ಲಿ ಬೆಸುಗೆ ಬಂದರೆ ಮಾದರಿ ಅಲ್ಲೇ ಮುರಿಯುತ್ತದೆ. ಹಿಮ್ಮಡಿಯಿಂದ ಮೇಲಕ್ಕೆ 15 ಸೆಂ.ಮೀ.ಗೊಂದು 6 ಮಿ.ಮೀ. ಸರಳಿನ ಬಳೆ. ಬೈಂಡಿಂಗ್ ವೈರ್ ಕಟ್ಟು ದಿನ ಕಳೆದಂತೆ ಸಡಿಲಾಗುತ್ತದೆ, ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ವೆಲ್ಡ್ ಮಾಡಿಸುವುದೇ ಸರಿ. ಬಳೆಗಳ ಸುತ್ತ ಅರ್ಧ ಇಂಚಿನ ಕೋಳಿ ಜಾಲರಿ, ಎರಡು ಚದರ ಮೀಟರ್ ಸಾಕು. ಇಷ್ಟಕ್ಕೂ ರೆಡ್ ಆಕ್ಸೈಡ್ ಬಳಿಯಿರಿ. ಕಾರಣ ಮುಂದಿದೆ.

ತೊಗಲಿಗೆ ಕೊಪ್ಪಳದ ಪಕ್ಕದ ಕಿನ್ನಾಳದ ಚಿತ್ರಗಾರರ ಜಾಣ್ಮೆಯನ್ನು ಕಡ ತರಬಹುದು: ಗೋಣಿ, ಹುಣಸೆ ಬೀಜದ ಅಂಟು, ಕಲ್ಲಿನ ಪುಡಿ. ಬೀಜ ಹುರಿದು ಸಿಪ್ಪೆ ತೆಗೆದು ನುಣ್ಣಗೆ ಪುಡಿ ಮಾಡಿ. ಒಂದು ಲೋಟ ಪುಡಿಗೆ ಎಂಟು ಲೋಟ ನೀರು. ಮೊದಲು ತಣ್ಣೀರಲ್ಲಿ ಕದಡಿ ಆಮೇಲೆ ಒಲೆಗಿಡಿ. ಬಿಸಿನೀರಿಗೆ ನೇರ ಸುರಿದರೆ ಗಂಟುಗಂಟು. ಸೌಟಿನಿಂದ ದಾರದಂತೆ ಇಳಿಯುವಾಗ ಕೆಳಗಿಳಿಸಿ. ಹುಳ, ಬೂಷ್ಟು ತಡೆಯಲು ಲೀಟರಿಗೆ ಒಂದು ಚಮಚ ಮೈಲುತುತ್ತ. ಅದು ವಿಷ, ಕೈಗವಸು ಬೇಕು, ಪಾತ್ರೆ ಅಡುಗೆಮನೆಗೆ ವಾಪಸು ಹೋಗಬಾರದು. ಮೈಲುತುತ್ತದೊಳಗಿನ ತಾಮ್ರ ಬರಿ ಕಬ್ಬಿಣವನ್ನೂ ಜಾಲರಿಯ ಸತುವನ್ನೂ ತಿನ್ನುತ್ತದೆ, ರೆಡ್ ಆಕ್ಸೈಡ್ ಅದಕ್ಕೇ. ಕಂಚು ಕಬ್ಬಿಣಕ್ಕೆ ತಾಗಿ ಉಪ್ಪುಗಾಳಿ ಬಡಿದರೆ ಮೊದಲು ಸವೆಯುವುದೂ ಕಬ್ಬಿಣವೇ. ಸಮುದ್ರದ ನಡುವಿನ ದ್ವೀಪದ ಮೂಲ ಪ್ರತಿಮೆಗೂ ಆ ಕಾಟ ತಪ್ಪಿರಲಾರದು.

ಐದಾರು ಗೋಣಿಚೀಲ ಬಿಚ್ಚಿ ಅಂಗೈಯಗಲದ ತುಂಡು ಮಾಡಿ, ಅಂಟಿನಲ್ಲಿ ಅದ್ದಿ ಮೂರು ಪದರ ಹೊದಿಸಿ. ಐದು ಲೀಟರ್ ಅಂಟು ಹಿಡಿಯುತ್ತದೆ. ಕೆಲಸ ಪಾದದಿಂದಲೇ ಶುರುವಾಗಲಿ, 15 ಸೆಂ.ಮೀ.ಯ ಒಂದೊಂದು ಪಟ್ಟಿಯಾಗಿ ಮೇಲೇರಲಿ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳ ಬಗ್ಗೆ ಬರೆದ ಫಿಲೋ ಹೇಳುವ ಕ್ರಮವೂ ಇದೇ: ಮೊದಲು ಕಾಲಿನ ಹರಡಿನವರೆಗೆ ಪಾದಗಳನ್ನು ಪೀಠಕ್ಕೆ ಕೂರಿಸಿ, ಸುತ್ತ ಮಣ್ಣಿನ ದಿಬ್ಬ ಏರಿಸುತ್ತ, ಮುಂದಿನ ಭಾಗವನ್ನು ಅಲ್ಲೇ ಮೇಲೆ ಎರಕ ಹೊಯ್ದರಂತೆ. ಅವನ ಲೆಕ್ಕದಲ್ಲಿ ಕಂಚು 500 ಟ್ಯಾಲೆಂಟ್, ಕಬ್ಬಿಣ 300. ಎರಕವಲ್ಲ, ಬಡಿದ ತಗಡು ಎಂದು ವಾದಿಸಿದ ಈಚಿನ ವಿದ್ವಾಂಸರೂ ಇದ್ದಾರೆ. ಪಟ್ಟಿಗಳ ಗೆರೆ ಅಳಿಸಬೇಡಿ, ಎರಡು ವಾದಕ್ಕೂ ಅದು ಹೊಂದುತ್ತದೆ.

ಒಣಗಿಸುವುದರಲ್ಲೇ ಹೆಚ್ಚಿನವರು ಎಡವುವುದು. ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಿಗಿಟ್ಟರೆ ಮೇಲ್ಮೈ ಗಂಟೆಯೊಳಗೆ ಗರಿಗರಿ, ಒಳಗೆ ಹಸಿ. ಮರುದಿನಕ್ಕೆ ಬಾಯಿ ಬಿಡುತ್ತದೆ. ನೆರಳಲ್ಲಿ ಪದರಕ್ಕೊಂದು ದಿನ, ಮಳೆಗಾಲದಲ್ಲಿ ಮೂರು ದಿನ ಕೊಡಿ. ಬೆರಳಲ್ಲಿ ತಟ್ಟಿದರೆ ಟಣ್ ಎನ್ನಬೇಕು. ಮಂದ ಸದ್ದು ಬಂದರೆ ಇನ್ನೂ ಹಸಿ. ಕೊನೆಗೆ ಆರು ಕೆ.ಜಿ. ನುಣುಪಾದ ಕಲ್ಲುಪುಡಿಯನ್ನು ಅದೇ ಅಂಟಲ್ಲಿ ಕಲಸಿ ತೆಳ್ಳಗೆ ಸವರಿ, ಒಣಗಿದ ಮೇಲೆ ಪಾಲಿಶ್ ಪೇಪರ್ ಹೊಡೆಯಿರಿ.

ಮೀನಖಂಡ ಪೂರ್ತಿ ಒಣಗಿದ ಮೇಲೆ 12 ಮಿ.ಮೀ. ಜಲ್ಲಿ ತುಂಬಿ, ಸಂದಿಗೆ ಒಣ ಮರಳು. ಕಾಲಿಗೆ ನಾಲ್ಕು ಕೆ.ಜಿ. ಹಿಡಿಸಬಹುದು. ಹಸಿ ಇರುವಾಗ ತುಂಬಿದರೆ ಮೀನಖಂಡ ಉಬ್ಬುತ್ತದೆ. ಮೊಣಕಾಲಿನಿಂದ ಮೇಲೆ ತುಂಬಬೇಡಿ, ಭಾರ ಮೇಲಕ್ಕೆ ಹೋದಷ್ಟೂ ಓಲಾಟ ಹೆಚ್ಚು. ಕೆಳಗೆ ಕಲ್ಲು ತುಂಬಿ ಬಿಗಿಯಾಗಿ, ಮೇಲೆ ಟೊಳ್ಳಾಗಿದ್ದಾಗ ಅಲುಗಾಟದ ಪೆಟ್ಟೆಲ್ಲ ಎರಡೂ ಸೇರುವ ಜಾಗಕ್ಕೆ ಬೀಳುತ್ತದೆ. ಸುಮಾರು ಕ್ರಿ.ಪೂ. 226ರ ಭೂಕಂಪದಲ್ಲಿ ಮೂಲ ಪ್ರತಿಮೆ ಮುರಿದದ್ದೂ ಮೊಣಕಾಲಲ್ಲೇ. ಎಡಗಾಲಿನ ಹಿಂಬದಿಯಲ್ಲಿ ಮೀನಖಂಡದ ನಡುವಿನಿಂದ ತೊಡೆಯವರೆಗೆ ಕಿಟಕಿ ಬಿಟ್ಟು, ಜಲ್ಲಿ ತುಂಬುವ ಮುನ್ನವೇ ಅಕ್ರಿಲಿಕ್ ಹಾಳೆ ಕೂರಿಸಿ. ಜಲ್ಲಿ ನಿಂತ ಮಟ್ಟ ನೋಡುವವರಿಗೆ ಕಾಣಬೇಕು.

ಬಣ್ಣಕ್ಕೆ ಕಂಚುಪುಡಿ, ವಾರ್ನಿಶ್. ಹೊಸ ಕಂಚು ಹೊಂಬಣ್ಣಕ್ಕೆ ಹತ್ತಿರ. ಹಸಿರು ಕಿಲುಬನ್ನು ಮಡಿಕೆಗಳಲ್ಲಿ ಮಾತ್ರ ಕಾಣಿಸಿ. ಪ್ಲಿನಿಯ ಪ್ರಕಾರ ಅದು ನಿಂತದ್ದು 56 ವರ್ಷವಷ್ಟೇ.

ಪೀಠ, ಮಾದರಿ, ಕಿರಣ ಸೇರಿ ಎರಡು ಮೀಟರ್ ಆಗುತ್ತದೆ. ಆರೂವರೆ ಅಡಿಯ ಬಾಗಿಲಲ್ಲಿ ಹಿಡಿಸದು. ತಲೆಯನ್ನು ಕತ್ತಿನ ಪೈಪಿಗೆ ಸಿಕ್ಕಿಸಿ ತೆಗೆಯುವಂತೆ ಮಾಡಿ. ಒಟ್ಟು ತೂಕ 55 ಕೆ.ಜಿ. ದಾಟುವುದರಿಂದ ಟಾಟಾ ಏಸ್‌ನಲ್ಲಿ ನಿಲ್ಲಿಸಿಯೇ ಸಾಗಿಸಿ, ಹಗ್ಗ ಸೊಂಟಕ್ಕೆ ಬಿಗಿಯಿರಿ. ಮಲಗಿಸಿದರೆ ಜಲ್ಲಿ ತೊಡೆಯೊಳಕ್ಕೆ ಉರುಳುತ್ತದೆ, ಆಮೇಲೆ ಕಿಟಕಿ ಬಿಚ್ಚದೆ ಬೇರೆ ದಾರಿಯಿಲ್ಲ.