ಹೊಸ ಎಂಜಿನ್‌ಗೆ ಮುದ್ದೂ ಬೇಡ, ಗುದ್ದೂ ಬೇಡ

ಹೊಸ ಕಾರನ್ನು ಮೊದಲ ವಾರವೇ ಹೆದ್ದಾರಿಯಲ್ಲಿ ಕಿತ್ತೋಡಿಸುವವರಿಗೆ ಬುದ್ಧಿ ಹೇಳಲು ಸುತ್ತ ಬೇಕಾದಷ್ಟು ಜನ ಇರುತ್ತಾರೆ. ನನ್ನ ತಕರಾರು ಇನ್ನೊಂದು ಗುಂಪಿನ ಬಗ್ಗೆ. ಮುಳ್ಳು ನಲವತ್ತು ದಾಟಲು ಬಿಡದೆ, ಟಾಪ್ ಗೇರ್‌ನಲ್ಲಿ ತಿಂಗಳುಗಟ್ಟಲೆ ತೆವಳಿಸಿ, ‘ಎಂಜಿನ್ ಚೆನ್ನಾಗಿ ನೋಡಿಕೊಂಡಿದ್ದೇನೆ’ ಎಂದು ಬೀಗುತ್ತಾರಲ್ಲ, ಅವರು. ಒಳ್ಳೆಯ ಮನಸ್ಸಿನಿಂದಲೇ ಕೆಡಿಸುವವರು.

ಮೊದಲು ಕಾರಿನ ಜೊತೆ ಕೊಟ್ಟ ಪುಸ್ತಕ ತೆರೆಯಿರಿ. ಹೊಸ ಎಂಜಿನ್‌ನ ಭಾಗಗಳು ಒಂದಕ್ಕೊಂದು ಹೊಂದಿಕೊಂಡು ಹದಕ್ಕೆ ಬರುವ ಅವಧಿಯನ್ನು ಹೆಚ್ಚಿನ ಕಂಪನಿಗಳು ಮೊದಲ 1,000 ಕಿ.ಮೀ. ಎನ್ನುತ್ತವೆ. ಬಿಎಂಡಬ್ಲ್ಯುವಿನ ಹಲವು ಕೈಪಿಡಿಗಳು 2,000 ಕಿ.ಮೀ.ವರೆಗೆ ಪೆಟ್ರೋಲ್ ಎಂಜಿನ್ 4,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು), ಡೀಸೆಲ್ 3,500 ಆರ್‌ಪಿಎಂ ದಾಟಬಾರದು ಎನ್ನುತ್ತವೆ. ನಿಮ್ಮ ಪುಸ್ತಕದಲ್ಲಿರುವುದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸ ಕಂಡರೆ ಪುಸ್ತಕದ ಮಾತೇ ನಡೆಯಲಿ.

ಎರಡನೆಯದು, ಸ್ಟಾರ್ಟ್ ಮಾಡಿ ನಿಂತಲ್ಲೇ ಹತ್ತು ನಿಮಿಷ ಬಿಸಿ ಮಾಡುವ ಚಟ ಬಿಡಿ. ತಣ್ಣಗಿನ ಎಂಜಿನ್‌ಗೆ ಇಂಧನ ಹೆಚ್ಚು ಹೋಗುತ್ತದೆ. ಸುಡದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು ಆಯಿಲ್ ಜೊತೆ ಬೆರೆಯುತ್ತದೆ. ಸೀಟ್ ಬೆಲ್ಟ್ ಹಾಕಿ ಕನ್ನಡಿ ಸರಿಮಾಡಿಕೊಳ್ಳುವಷ್ಟು ಹೊತ್ತು ಸಾಕು, ಹೊರಡಿ. ಎಂಜಿನ್ ಬಿಸಿಯಾಗುವವರೆಗೆ 2,500 ಆರ್‌ಪಿಎಂ ಒಳಗಿರಿ. ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಬಿಸಿಯಾಯಿತು ಎಂದು ಮೀಟರ್ ತೋರಿಸಿದ ಮೇಲೂ ಆಯಿಲ್ ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು, ಆತುರ ಬೇಡ.

ಇನ್ನು ಎಲ್ಲರೂ ಎಡವುವ ಜಾಗ: ಪಿಸ್ಟನ್ ರಿಂಗ್ ಕೂರಿಸುವುದು. ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ಸುತ್ತ ಇರುವ ಲೋಹದ ಬಳೆಯೇ ಈ ರಿಂಗ್. ಸಿಲಿಂಡರ್ ಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಕಾರ್ಖಾನೆಯಲ್ಲೇ ಅದರ ಮೇಲೆ ಒಂದನ್ನೊಂದು ಕತ್ತರಿಸುವ ಸಣ್ಣ ಗೀರುಗಳನ್ನು ಎಳೆದಿರುತ್ತಾರೆ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲೇ. ಗೀರುಗಳ ಏಣು ಮತ್ತು ರಿಂಗಿನ ಅಂಚು ಪರಸ್ಪರ ಉಜ್ಜಿ ಹೊಂದಿಕೊಳ್ಳಬೇಕು. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿ ಮಾತ್ರವಲ್ಲ. ಇಂಧನ ಉರಿದಾಗ ಹುಟ್ಟುವ ಅನಿಲ ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಆಕ್ಸಿಲರೇಟರ್‌ಗೆ ಕಾಲು ತಾಗಿಸಿಯೂ ತಾಗಿಸದಂತೆ ಓಡಿಸಿದರೆ ಆ ಒತ್ತಡವೇ ಹುಟ್ಟುವುದಿಲ್ಲ. ರಿಂಗ್ ಸುಮ್ಮನೆ ಜಾರಾಡುತ್ತದೆ, ಗೋಡೆಯ ಮೇಲಿನ ಆಯಿಲ್ ಬೆಂದು ವಾರ್ನಿಷ್‌ನಂತೆ ಅಂಟಿಕೊಂಡು ಗೀರುಗಳನ್ನು ಮುಚ್ಚುತ್ತದೆ. ಆಮೇಲೆ ಆಯಿಲ್ ಮೇಲಕ್ಕೆ ಹೋಗಿ ಉರಿಯುತ್ತದೆ, ಸೈಲೆನ್ಸರ್‌ನಿಂದ ನೀಲಿ ಹೊಗೆ. ಗೋಡೆ ಪೂರ್ತಿ ಮೆರುಗುಗಟ್ಟಿದರೆ ಎಂಜಿನ್ ಬಿಚ್ಚದೆ ಗತಿಯಿಲ್ಲ. ಈಗಿನ ಎಂಜಿನ್‌ಗಳ ಗೋಡೆಗಳನ್ನು ಬಹಳ ನಯವಾಗಿ ಹದಗೊಳಿಸಿರುವುದರಿಂದ ಈ ಅಪಾಯ ಹಿಂದಿನಷ್ಟಿಲ್ಲ, ನಿಜ. ಹಾಗೆಂದು ಕೆಲಸ ಬಿಡುವ ಹಾಗಿಲ್ಲ.

ಮಾಡುವುದು ಹೀಗೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ಮೂರನೇ ಗೇರ್, 2,000 ಆರ್‌ಪಿಎಂ. ಆಕ್ಸಿಲರೇಟರನ್ನು ಅರ್ಧದಷ್ಟು ಒತ್ತಿ ಮುಳ್ಳು 3,500ಕ್ಕೆ ಏರಲಿ. ಈಗ ಕಾಲು ಪೂರ್ತಿ ತೆಗೆಯಿರಿ. ಕ್ಲಚ್ ಒತ್ತಬೇಡಿ, ಬ್ರೇಕ್ ಬೇಡ, ಗೇರ್ ಬದಲಿಸಬೇಡಿ. ಅದೇ ಗೇರ್‌ನಲ್ಲಿ ತಾನಾಗಿ 2,000ಕ್ಕೆ ಇಳಿಯಲಿ. ಈ ಇಳಿಯುವ ಭಾಗವನ್ನೇ ಜನ ಬಿಟ್ಟುಬಿಡುತ್ತಾರೆ. ಕಾಲು ತೆಗೆದಾಗ ಪೆಟ್ರೋಲ್ ಎಂಜಿನ್‌ನ ಸಿಲಿಂಡರ್‌ನಲ್ಲಿ ಒತ್ತಡ ಕುಸಿದು ಸ್ವಲ್ಪ ಆಯಿಲ್ ರಿಂಗಿನ ಕಡೆಗೆ ಎಳೆಯಲ್ಪಡುತ್ತದೆ. ಉಜ್ಜಿದ ಜಾಗ ತಂಪಾಗಿ ತೊಳೆದುಕೊಳ್ಳುತ್ತದೆ. ಒಂದೆರಡು ನಿಮಿಷ ಮಾಮೂಲಿಯಾಗಿ ಓಡಿಸಿ, ಮತ್ತೆ ಅದನ್ನೇ ಮಾಡಿ. ಡೀಸೆಲ್ ಆದರೆ 1,500ರಿಂದ 2,500 ಸಾಕು. 300 ಕಿ.ಮೀ. ಆದ ಮೇಲೆ ಮುಕ್ಕಾಲು ಒತ್ತಬಹುದು, ಪೆಟ್ರೋಲ್‌ನಲ್ಲಿ 4,000ದವರೆಗೂ ಹೋಗಬಹುದು. ಒಂದು ಎಚ್ಚರಿಕೆ: ಹೀಗೆ ನಿಧಾನವಾಗುವಾಗ ಬ್ರೇಕ್ ಲೈಟ್ ಹತ್ತುವುದಿಲ್ಲ, ಹಿಂದಿನವರಿಗೆ ಗೊತ್ತಾಗುವುದಿಲ್ಲ. ಕನ್ನಡಿ ನೋಡಿಯೇ ಕಾಲು ತೆಗೆಯಿರಿ.

ಆಟೊಮ್ಯಾಟಿಕ್ ಕಾರು ಬೇಗ ಬೇಗ ಮೇಲಿನ ಗೇರ್‌ಗೆ ಹೋಗುವುದರಿಂದ ಮ್ಯಾನುಯಲ್ ಮೋಡ್‌ಗೆ ಹಾಕಿಕೊಳ್ಳಿ. ಸಿವಿಟಿ (ಮೆಟ್ಟಿಲು ಮೆಟ್ಟಿಲಾದ ಗೇರ್‌ಗಳಿಲ್ಲದ ಆಟೊಮ್ಯಾಟಿಕ್) ಇದ್ದರೆ ಏರಿಳಿತದ ರಸ್ತೆ ಹುಡುಕುವುದೇ ಸುಲಭ.

ಹೆದ್ದಾರಿಗೆ ಹೋಗಲೇಬಾರದೆಂದಿಲ್ಲ. ಆದರೆ ಗಂಟೆಗಟ್ಟಲೆ ಒಂದೇ ವೇಗ ಬೇಡ; ಕ್ರೂಸ್ ಕಂಟ್ರೋಲ್ ಇದೆ ಎಂಬುದನ್ನು ಸದ್ಯಕ್ಕೆ ಮರೆತುಬಿಡಿ. 70ರಿಂದ 90ರ ನಡುವೆ ಏರಿಸುತ್ತಾ ಇಳಿಸುತ್ತಾ ಇರಿ. ಏರಿನಲ್ಲಿ ಎಂಜಿನ್ ತಿಣುಕುತ್ತಾ ನಡುಗುತ್ತಿದ್ದರೂ ಗೇರ್ ಇಳಿಸದೆ ಆಕ್ಸಿಲರೇಟರ್ ತುಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಭಾರ ಪೂರ್ತಿ, ವೇಗ ಕಮ್ಮಿ, ಆಯಿಲ್ ಒತ್ತಡವೂ ಕಮ್ಮಿ. ಪೆಟ್ಟು ಬೀಳುವುದು ಬೇರಿಂಗ್‌ಗೆ. ಒಂದು ಗೇರ್ ಇಳಿಸಿದರೆ ಸದ್ದು ಜಾಸ್ತಿಯಾಗಬಹುದು, ಆಗಲಿ ಬಿಡಿ.

ಬ್ರೇಕ್, ಟೈರ್‌ಗಳಿಗೂ ಮೊದಲ 300 ಕಿ.ಮೀ. ಹೊಂದಿಕೊಳ್ಳುವ ಕಾಲ, ಗಕ್ಕನೆ ಬ್ರೇಕ್ ಹಾಕಬೇಡಿ.

ಘರ್ಷಣೆಯನ್ನೇ ಇಲ್ಲವಾಗಿಸುತ್ತೇವೆ ಎನ್ನುವ ಬಾಟಲಿಗಳನ್ನು ಆಯಿಲ್‌ಗೆ ಸುರಿಯಲೇಬೇಡಿ. ರಿಂಗ್ ಕೂರಲು ಒಂದಿಷ್ಟು ಘರ್ಷಣೆ ಬೇಕೇ ಬೇಕು, ನೀವು ದುಡ್ಡು ಕೊಟ್ಟು ಅದನ್ನೇ ತಪ್ಪಿಸಿದಂತಾಗುತ್ತದೆ. ಆಯಿಲನ್ನು ಅವಧಿಗೆ ಮುಂಚೆಯೇ ಬದಲಿಸುವ ಹುರುಪೂ ಬೇಡ. ಬೇಡವೆಂದು ಪುಸ್ತಕದಲ್ಲೇ ಬರೆದಿರುವ ಕಂಪನಿಗಳಿವೆ.

ಬದಲಿಗೆ ಇಂಧನ ತುಂಬಿಸಿದಾಗಲೆಲ್ಲ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ಸಮತಟ್ಟು ಜಾಗ, ಎಂಜಿನ್ ಆಫ್ ಮಾಡಿ ಐದು ನಿಮಿಷ, ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡುವುದು. ಹೊಸ ಎಂಜಿನ್ ಆಯಿಲ್ ಕೊಂಚ ಹೆಚ್ಚೇ ಕುಡಿಯುತ್ತದೆ, ಗಾಬರಿ ಬೇಡ. ಕಮ್ಮಿಯಾದರೆ ಅದೇ ದರ್ಜೆಯ ಆಯಿಲ್ ಹಾಕಿ. ಮೇಲಿನ ಗುರುತು ದಾಟಿಸಿದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಅದನ್ನು ಕಡೆದು ನೊರೆ ಮಾಡುತ್ತದೆ. ಹಾಕಿದ ಪ್ರಮಾಣವನ್ನು ಓಡೊಮೀಟರ್ ಅಂಕಿಯ ಜೊತೆ ಬರೆದಿಡಿ. 5,000 ಕಿ.ಮೀ. ದಾಟಿದ ಮೇಲೂ ಮಟ್ಟ ಹಾಗೇ ಇಳಿಯುತ್ತಿದ್ದರೆ, ‘ಹೊಸ ಗಾಡಿ ಸಾರ್, ಹಂಗೇ ಇರುತ್ತೆ’ ಎನ್ನುವ ಸರ್ವಿಸ್ ಕೌಂಟರ್‌ನವರ ಮುಂದೆ ಆ ಪಟ್ಟಿಯನ್ನು ಇಡಿ. ವಾರಂಟಿ ಇರುವಾಗಲೇ.