ಸಾಹೇಬರ ಕೈಗೆ ಅಜ್ಜಿಯ ಪಾಸ್‌ಬುಕ್ ಕೊಟ್ಟು ತಿಂಗಳು ನಡೆಸಿ ಅಂದೆವು

ಹೋದ ವಾರ ಒಂದು ಬ್ಯಾಂಕ್ ಶಾಖೆಯಿಂದ ಫೋನ್ ಬಂತು. ‘ಮೇಡಂ, ನಿಮ್ಮ ಚೀಟಿ ಎತ್ತುವ ಆಟದ ತರಬೇತಿ ಪಕ್ಕದ ಶಾಖೆಯವರಿಗೂ ಮಾಡಿಸಿಕೊಡ್ತೀರಾ?’ ಅಂದರು. ಪಿಂಚಣಿ ನಂಬಿದ ಮನೆಯ ಒಂದು ತಿಂಗಳನ್ನು ಅಧಿಕಾರಿಗಳೇ ಆಟದಲ್ಲಿ ನಡೆಸಿ ನೋಡುವ ತರಬೇತಿ ಇದು. ಎರಡು ವರ್ಷದ ಹಿಂದೆ ಇದಕ್ಕೆ ಒಂದರ್ಧ ಗಂಟೆ ಕೊಡಿ ಅಂತ ಇದೇ ಶಾಖೆಯ ಬಾಗಿಲಲ್ಲಿ ಕಾದು ನಿಂತವಳು ನಾನು. ಆಗ ನಮ್ಮ ಸಂಘದವರೇ ‘ಇದು ಆಗೋ ಕೆಲಸ ಅಲ್ಲ, ಬಿಡಕ್ಕ’ ಅಂದಿದ್ದರು. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರು ಜಿಲ್ಲೆಯ ಒಂದು ಬರದ ತಾಲ್ಲೂಕಿನಲ್ಲಿ ಹನ್ನೊಂದು ವರ್ಷದಿಂದ ಪಿಂಚಣಿ, ರೇಷನ್ ಕಾರ್ಡ್ ಕೆಲಸ ಮಾಡಿಸಿಕೊಡುತ್ತಿದ್ದೇನೆ. ಓದುವವರಲ್ಲಿ ಇದೇ ಕೆಲಸದವರು ಜಾಸ್ತಿ ಇರುತ್ತೀರಿ. ಆಧಾರ್ ಜೋಡಣೆ, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಆಧಾರ್ ಮೇಲೆ ಯಾವ ಖಾತೆಗೆ ಹೋಗಬೇಕು ಅನ್ನುವ ದಾಖಲೆ), ಪಿಂಚಣಿ ಅದಾಲತ್ (ಪಿಂಚಣಿಯ ದೂರು, ಅರ್ಜಿ ನೋಡುವ ಸಭೆ) ಎಲ್ಲ ನಿಮಗೆ ಗೊತ್ತು. ನನ್ನ ತಲೆಬಿಸಿ ಬೇರೆ ಇತ್ತು. ಡಾಕ್ಟರು, ಬ್ಯಾಂಕಿನವರು, ಕಚೇರಿಯವರು, ಯಾರ ಹತ್ತಿರ ಹೋದರೂ ಒಂದೇ ಲೆಕ್ಕ ಒಪ್ಪಿಸುತ್ತಿದ್ದರು. ‘ಅತ್ತೆಗೆ ಗೃಹಲಕ್ಷ್ಮಿ 2000, ಸಂಧ್ಯಾ ಸುರಕ್ಷಾ ಪಿಂಚಣಿ 1200. ಸೊಸೆಗೆ ವಿಧವಾ ವೇತನ 800. ಅಲ್ಲಿಗೆ 4000 ಆಯ್ತಲ್ಲ. ಅಕ್ಕಿ ಫ್ರೀ, ಬಸ್ ಫ್ರೀ, ಕರೆಂಟ್ ಫ್ರೀ. ಮತ್ತೇನು ಕಷ್ಟ?’ ಕೂಡಿದರೆ ಲೆಕ್ಕ ಸರಿಯೇ. ಆದರೆ ಆ 4000 ಒಂದು ತಿಂಗಳೂ ಒಟ್ಟಿಗೆ ಅಂಥ ಮನೆ ಸೇರಿದ್ದು ನಾನು ನೋಡಿಲ್ಲ.

ಮೊದಲು ಫ್ಲೆಕ್ಸ್ ಮಾಡಿಸಿದೆವು, ಪುಸ್ತಿಕೆ ಹಾಕಿಸಿದೆವು. ಆರು ಸಾವಿರದ ಹತ್ತಿರ ಖರ್ಚು. ಎಲ್ಲರೂ ‘ಚೆನ್ನಾಗಿದೆ’ ಅಂದು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಒಂದು ಕೂದಲೂ ಅಲ್ಲಾಡಲಿಲ್ಲ.

ಎರಡನೇ ಸಲ ಮಾಡಿದ ತಪ್ಪು ಇನ್ನೂ ದೊಡ್ಡದು. ಪಿಂಚಣಿ ಬರುವ ನಾಲ್ವರು ಹೆಂಗಸರನ್ನು ಕರೆದುಕೊಂಡು ಹೋಗಿ ಅಧಿಕಾರಿಗಳ ಮುಂದೆ ಮಾತಾಡಿಸಿದೆ. ದಾರಿಯುದ್ದಕ್ಕೂ ಎಲ್ಲಾ ಹೇಳಿಕೊಂಡು ಬಂದವರು ಮೈಕ್ ಹಿಡಿದ ತಕ್ಷಣ ‘ಎಲ್ಲಾ ಚೆನ್ನಾಗೈತೆ ಸ್ವಾಮಿ, ನಿಮ್ಮಿಂದ್ಲೇ ಎರಡು ತುತ್ತು ಉಣ್ತಾ ಇದ್ದೀವಿ’ ಅಂದುಬಿಟ್ಟರು. ಇನ್ನೇನು ಹೇಳುತ್ತಾರೆ? ಎದುರಿಗೆ ಕೂತವರ ಒಂದು ಸಹಿಯಿಂದ ಪಿಂಚಣಿ ನಿಲ್ಲುತ್ತದೆ ಅನ್ನುವ ಭಯ ಅವರಿಗೆ. ಅವರಲ್ಲಿ ಒಬ್ಬ ಅಮ್ಮ ಆಮೇಲೆ ಎರಡು ತಿಂಗಳು ನನ್ನ ಕಣ್ಣಿಗೇ ಬೀಳಲಿಲ್ಲ. ನಾನು ಹೀಗೆ ಮಾಡಬಾರದಿತ್ತು. ಕೂಲಿ, ಊಟ, ಆಟೋ ಎಲ್ಲ ಸೇರಿ ಎರಡೂವರೆ ಸಾವಿರ ಹೋಯಿತು. ದುಡ್ಡಿಗಿಂತ ಆ ಅಮ್ಮನ ನಂಬಿಕೆ ಕಳೆದುಕೊಂಡದ್ದು ಜಾಸ್ತಿ ನೋವು ಕೊಟ್ಟಿತು.

ಮೂರನೇದು ಆಟ. ಒಬ್ಬೊಬ್ಬ ಅಧಿಕಾರಿಗೂ ಒಂದು ಸಂಸಾರ, ಕೈಗೆ ಸುಳ್ಳು ನೋಟು 4000, ಒಂದು ರೇಟಿನ ಪಟ್ಟಿ. ತಿಂಗಳು ನಡೆಸಿ ಅಂದೆವು. ಹದಿನೈದು ನಿಮಿಷಕ್ಕೆ ಎಲ್ಲರೂ ಮುಗಿಸಿ ಕೂತರು. ಒಬ್ಬರಂತೂ 600 ಉಳಿಸಿ ಆರ್‌ಡಿ ಕಟ್ಟಿದೆ ಅಂದರು. ‘ನೋಡಿ, ಪ್ಲಾನಿಂಗ್ ಇಲ್ಲದಿರೋದೇ ಇವರ ಸಮಸ್ಯೆ’ ಅಂತ ತೀರ್ಪು ಬೇರೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ತಪ್ಪು ತಿಳುವಳಿಕೆಯನ್ನು ನಾನೇ ಗಟ್ಟಿ ಮಾಡಿ ಕಳಿಸಿದ್ದೆ.

ದಾರಿ ಸಿಕ್ಕಿದ್ದು ಪಾಸ್‌ಬುಕ್‌ನಲ್ಲಿ. ಒಬ್ಬ ಅಜ್ಜಿ ಎಂಟ್ರಿ ಓದಿ ಹೇಳವ್ವ ಅಂತ ಬಂದಿದ್ದರು. ಓದುತ್ತಾ ಹೋದೆ. ಒಂದು ತಿಂಗಳು ಪಿಂಚಣಿ 9ನೇ ತಾರೀಖು ಬಂದಿದೆ, ಮುಂದಿನದು 27ಕ್ಕೆ, ಅದರ ಮುಂದಿನದು ಇಲ್ಲವೇ ಇಲ್ಲ. ಗೃಹಲಕ್ಷ್ಮಿ ಮೂರು ತಿಂಗಳು ಸುದ್ದಿಯಿಲ್ಲ, ಆಮೇಲೆ ಒಂದೇ ವಾರದಲ್ಲಿ ಎರಡು ಕಂತು. ಆಗ ಹೊಳೆಯಿತು. ನಾವು ಇಷ್ಟು ದಿನ ಮೊತ್ತ ತೋರಿಸುತ್ತಿದ್ದೆವು, ತಾರೀಖು ತೋರಿಸಿರಲಿಲ್ಲ. ಯಾವತ್ತು ಬರುತ್ತೆ ಅಂತ ಗೊತ್ತಿಲ್ಲದ 2000ದಿಂದ ಏನೂ ಯೋಚನೆ ಮಾಡೋಕಾಗಲ್ಲ. ಅದು ಬರುವಷ್ಟರಲ್ಲಿ ಅಂಗಡಿಯ ಉದ್ರಿ ಅದನ್ನು ನುಂಗಿರುತ್ತದೆ. ಉದ್ರಿ ತರುವವರು ಚೌಕಾಸಿ ಮಾಡುವ ಹಾಗಿಲ್ಲ, ಬೇಳೆ ಹುಳ ಹಿಡಿದಿದ್ದರೂ ಬಾಯಿ ಮುಚ್ಚಿಕೊಂಡು ತರಬೇಕು. ಕೈಸಾಲ ಅಂದರೆ ನಮ್ಮ ಕಡೆ ನೂರಕ್ಕೆ ಮೂರು ಬಡ್ಡಿ, ಕೆಲವರ ಹತ್ತಿರ ಐದು.

ಹನ್ನೊಂದು ಮನೆಯವರನ್ನು ಕೇಳಿ ಒಪ್ಪಿಸಿ ಒಂದು ವರ್ಷದ ಎಂಟ್ರಿ ಬರೆದುಕೊಂಡೆವು. ಜೊತೆಗೆ ಆ ದುಡ್ಡು ಕೈಗೆ ಬರಲು ಎಷ್ಟು ಓಡಾಡಿದರು ಅಂತ ಕೇಳಿ ಬರೆದೆವು. ಒಬ್ಬ ಅಜ್ಜಿಯ ಪಿಂಚಣಿ ಐದು ತಿಂಗಳು ನಿಂತಿತ್ತು. ಯಾವುದೋ ಕ್ಯಾಂಪಿನಲ್ಲಿ ಹೊಸ ಖಾತೆ ತೆರೆದಿದ್ದಾರೆ, ಆಧಾರ್ ಅಲ್ಲಿಗೆ ಜೋಡಣೆಯಾಗಿದೆ, ಅವರಿಗೇ ಗೊತ್ತಿಲ್ಲ. ನಿಂತದ್ದು 6000. ಅದಕ್ಕೆ ಏಳು ಸಲ ತಾಲ್ಲೂಕಿಗೆ ಬಂದಿದ್ದಾರೆ. ಬಸ್ಸು ಫ್ರೀ, ನಿಜ. ಆದರೆ ಆ ಊರಿಗೆ ಸರ್ಕಾರಿ ಬಸ್ಸೇ ಇಲ್ಲ, ಕ್ರಾಸಿನವರೆಗೆ ಆಟೋಗೆ ಹೋಗ್ತಾ ಬರ್ತಾ 60. ಓದಿ ಹೇಳಲು ಮೊಮ್ಮಗ ಜೊತೆಗೆ ಬರಬೇಕು, ಅವನಿಗೆ ಸ್ಕೂಲು ತಪ್ಪಿತು. ಜೆರಾಕ್ಸ್, ಫೋಟೋ, ಅರ್ಜಿ ಬರೆದವರಿಗೆ ಐವತ್ತು. ಸುಮಾರು 1400 ಖರ್ಚಾಗಿತ್ತು, ಬಡ್ಡಿ ಬಿಟ್ಟು.

ಈಗ ಆಟ ಬದಲಾಯಿತು. 4000 ಕೈಗೆ ಕೊಡುವುದಿಲ್ಲ. ಯಾರದೋ ನಿಜವಾದ ಪಾಸ್‌ಬುಕ್‌ನಲ್ಲಿ ಇರುವ ತಾರೀಖಿಗೆ, ಇರುವಷ್ಟೇ. ದುಡ್ಡು ತೆಗೆಯಲು ಹೋಗುವಾಗ ಒಂದು ಚೀಟಿ ಎತ್ತಬೇಕು. ‘ಸರ್ವರ್ ಇಲ್ಲ.’ ‘ಬೆರಳು ತಗೋತಿಲ್ಲ.’ ‘ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ.’ ‘ಹೆಸರಲ್ಲಿ ಒಂದಕ್ಷರ ವ್ಯತ್ಯಾಸ ಇದೆ.’ ಅಂಥ ಚೀಟಿ ಬಂದರೆ ಗೋಡೆ ಪಕ್ಕ ಹದಿನೈದು ನಿಮಿಷ ನಿಲ್ಲಬೇಕು, ಫೋನ್ ಕೈಲಿರಬಾರದು. ದುಡ್ಡು ಬರದವರಿಗೆ ನಡುವಿನ ಟೀ ಇಲ್ಲ.

ಟೀ ವಿಷಯಕ್ಕೆ ನಮ್ಮಲ್ಲೇ ಜಗಳವಾಯಿತು. ‘ಸಾಹೇಬರನ್ನ ಟೀ ಕೊಡದೆ ನಿಲ್ಲಿಸ್ತೀಯಾ? ನಾಳೆಯಿಂದ ನಮ್ಮನ್ನ ಒಳಗೇ ಬಿಡಲ್ಲ’ ಅಂದರು. ನಾನು ಹಟ ಹಿಡಿದೆ. ಮೊದಲ ಸಲ ಒಬ್ಬರು ನಿಜವಾಗಿಯೂ ಸಿಟ್ಟಾದರು. ‘ನಾನೇನು ತಪ್ಪು ಮಾಡಿದ್ದೀನಿ ಅಂತ ನಿಲ್ಲಿಸಿದ್ದೀರಾ?’ ಅಂದರು. ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ‘ಅವರೂ ಇದನ್ನೇ ಕೇಳ್ತಾರೆ, ಅಲ್ವಾ’ ಅಂದರು.

ಯಾವ ಅಧಿಕಾರಿಗೆ ಯಾವ ಮನೆ ಕೊಡಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ತಂಡ ತಯಾರಾಗಿ ಬರುತ್ತದೆ. ಕೊನೆಯ ವಾರದ ಚೀಟಿಗಳ ವಿಷಯವೂ ಅಷ್ಟೇ.

ಆಹಾರ ಇಲಾಖೆಯ ಒಬ್ಬರು ಬಂದಿದ್ದರು. ರೇಷನ್ ಅಕ್ಕಿ ಮಾರುವವರ ಕಾರ್ಡು ಕಿತ್ತುಕೊಳ್ಳಬೇಕು ಅಂತ ಬೆಳಿಗ್ಗೆ ಖಡಕ್ಕಾಗಿ ಹೇಳಿದ್ದರು. ಆಟದ 22ನೇ ದಿನ ಅವರ ಮಗುವಿಗೆ ಜ್ವರ, ಕೈಲಿ 40 ರೂಪಾಯಿ. ಕೇಳಿದ್ದು ‘ಅಕ್ಕಿ ಯಾರಾದ್ರೂ ತಗೋತಾರಾ?’ ಅಂತ. ಎಂಟು ಕೆಜಿ ಮಾರಿದರು. ಮಾರಿ ಸುಮ್ಮನೆ ಕೂತುಬಿಟ್ಟರು. ಮಾರುವುದು ಸರಿ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಅಕ್ಕಿಯೊಂದೇ ಇದ್ದಾಗ ಅದೇ ದುಡ್ಡಾಗುತ್ತದೆ. ಗ್ಯಾಸು, ಆಟೋ ಯಾವುದೂ ಫ್ರೀ ಬರುವುದಿಲ್ಲ.

ಸರ್ಕಾರ ಪಿಂಚಣಿ ಏರಿಸುತ್ತಲೇ ಇದೆಯಲ್ಲ ಅನ್ನುವವರಿಗೆ ಒಂದೇ ಮಾತು ಹೇಳುತ್ತೇನೆ. ಇಂದಿರಾಗಾಂಧಿ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 2007ರಲ್ಲಿ 200 ರೂಪಾಯಿ ಇತ್ತು. 80 ತುಂಬದವರಿಗೆ ಈಗಲೂ ಅಷ್ಟೇ. ಮಿಕ್ಕದ್ದು ರಾಜ್ಯದ್ದು.

‘ಬೆರಳು ತಗೋತಿಲ್ಲ’ ಅನ್ನುವ ಚೀಟಿ ಇದೆಯಲ್ಲ, ಅದಕ್ಕೆ ನಡುವೆ ಬೆರಳಿನ ಪ್ರಯೋಗವನ್ನೂ ಮಾಡಿದೆವು. ಹುಣಸೆಹಣ್ಣು ಕುಟ್ಟುವವರು, ಇಟ್ಟಿಗೆ ಹೊರುವವರು, ಇವರ ಹೆಬ್ಬೆಟ್ಟು ಮೆಷಿನ್ ತಗೊಳ್ಳುವುದೇ ಇಲ್ಲ. ಇಪ್ಪತ್ತೆರಡು ಜನರ ಮೇಲೆ ನೋಡಿದೆವು. ಕೊಬ್ಬರಿ ಎಣ್ಣೆ ಹಚ್ಚಿದರೆ ಇನ್ನೂ ಕೆಟ್ಟಿತು. ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ಬೆರಳು ಸ್ವಲ್ಪ ಮೆತ್ತಗಿರುವಾಗಲೇ ಇಟ್ಟರೆ ಒಂಬತ್ತು ಹತ್ತು ಜನಕ್ಕೆ ಬಂತು. ಹೆಬ್ಬೆಟ್ಟು ಬಿಟ್ಟು ಉಂಗುರದ ಬೆರಳು ಇಟ್ಟಾಗ ಇನ್ನು ನಾಲ್ವರಿಗೆ ಬಂತು. ಉಳಿದವರಿಗೆ ಕಣ್ಣು ನೋಡಿ ಗುರುತು ಹಿಡಿಯುವ ಮೆಷಿನ್ ಬೇಕೇ ಬೇಕು.

ಇಲ್ಲಿಯವರೆಗೆ ಒಂಬತ್ತು ತಂಡ ಆಗಿದೆ. ಒಂದು ಸಲಕ್ಕೆ ಜೆರಾಕ್ಸ್, ಟೀ, ಬಿಸ್ಕೆಟ್ ಸೇರಿ 900 ದಾಟುವುದಿಲ್ಲ. ಫ್ಲೆಕ್ಸಿನ ದುಡ್ಡಲ್ಲಿ ಆರು ತಂಡ ಆಗುತ್ತಿತ್ತು. ಒಬ್ಬ ಡಾಕ್ಟರು ಆಟದಲ್ಲಿ ತಾವೇ ಸಕ್ಕರೆ ಕಾಯಿಲೆಯ ಚೆಕಪ್ ತಪ್ಪಿಸಿದರು, ಆಟೋಗೆ ದುಡ್ಡಿಲ್ಲ ಅಂತ. ಈಗ ದೂರದ ಊರಿನವರಿಗೆ ಸ್ಟಾಕ್ ಇದ್ದರೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಬರೆಯುತ್ತಾರೆ. ‘ಯಾಕಮ್ಮ ಹೇಳಿದ ದಿನ ಬರಲ್ಲ’ ಅಂತ ಗದರುವುದು ನಿಂತಿದೆ. ಬ್ಯಾಂಕಿನವರು ಪಿಂಚಣಿದಾರರ ಖಾತೆಗಳನ್ನು ತೆಗೆದು ನೋಡಿದರು. ಎಷ್ಟೋ ಮುದುಕರದು ಮಾಮೂಲಿ ಉಳಿತಾಯ ಖಾತೆ, ಕನಿಷ್ಠ ಬ್ಯಾಲೆನ್ಸ್ ಇಲ್ಲ ಅಂತ ದುಡ್ಡು ಕಟ್ ಆಗುತ್ತಿತ್ತು. ಅರವತ್ತರ ಹತ್ತಿರ ಖಾತೆಗಳನ್ನು ಜೀರೋ ಬ್ಯಾಲೆನ್ಸ್‌ಗೆ ಬದಲಾಯಿಸಿದರು. ಒಬ್ಬ ಸೊಸೆಯ ಖಾತೆಯಲ್ಲಿ ಮೇ ಕೊನೆಗೆ ಜೀವನ್ ಜ್ಯೋತಿ ವಿಮೆಗೆ 436 ಹೋಗಿತ್ತು. ವಿಮೆ ಒಳ್ಳೆಯದೇ, ಆದರೆ ಬಂದದ್ದೇ 800. ಆ ತಿಂಗಳು ಅವಳು ಹೇಗೆ ಕಳೆದಳು ಅಂತ ಮ್ಯಾನೇಜರು ಅವಳನ್ನೇ ಕರೆದು ಕೇಳಿದರು. ಹೊಸದಾಗಿ ವಿಮೆ ಮಾಡಿಸುವವರಿಗೆ ಈಗ ಯಾವ ತಿಂಗಳು, ಎಷ್ಟು ದುಡ್ಡು ಹೋಗುತ್ತದೆ ಅಂತ ಮೊದಲೇ ಹೇಳುತ್ತಾರೆ.

ಕಚೇರಿಯ ಒಬ್ಬ ಗುಮಾಸ್ತರು ‘ನಾಳೆ ಬನ್ನಿ’ ಅನ್ನುವುದು ಬಿಟ್ಟಿದ್ದಾರೆ. ಏನು ಕಾಗದ ಬೇಕು, ಯಾವ ತಾರೀಖಿಗೆ ಬರಬೇಕು ಅಂತ ಚೀಟಿಯಲ್ಲಿ ಬರೆದುಕೊಡುತ್ತಾರೆ. ಆ ಏಳು ಸಲ ಓಡಾಡಿದ ಅಜ್ಜಿ ಅಂಥ ಒಂದು ಚೀಟಿ ತಂದು ತೋರಿಸಿದರು. ಮೊಮ್ಮಗನನ್ನು ಕರೆತಂದಿರಲಿಲ್ಲ.

ಮಾಡಬೇಕು ಅನ್ನುವವರು ನಿಮ್ಮ ಊರಿನ ಪಾಸ್‌ಬುಕ್‌ಗಳಿಂದಲೇ ಶುರು ಮಾಡಿ, ನಮ್ಮ ತಾರೀಖು ಬೇಡ. ಮನೆಯವರನ್ನು ಕೇಳಿಯೇ ಬರೆದುಕೊಳ್ಳಿ, ಹೆಸರು, ಖಾತೆ ನಂಬರು ಬಿಟ್ಟು ಬರೆಯಿರಿ. ಮತ್ತೆ ಟೀ ವಿಷಯದಲ್ಲಿ ಯಾರು ಏನೇ ಹೇಳಲಿ, ಕೊಡಬೇಡಿ.